ಗೋಲಿನ ಮಾತು ಆಮೇಲೆ, ಮೊದಲು ಪಾಸು ಕಲಿಸೋಣ

ಹಿರೋಳ್ಳಿ ಕಡೆಯ ಯಾವುದೇ ಊರಿನ ಬಯಲಿಗೆ ಸಂಜೆ ಐದರ ಸುಮಾರಿಗೆ ಹೋಗಿ ನಿಲ್ಲಿ. ಕ್ರಿಕೆಟ್ ಬಿಟ್ಟು ಹುಡುಗರು ಫುಟ್‌ಬಾಲ್ ಆಡುವ ದಿನ ಕಡಿಮೆ, ಆದರೂ ಆಡುತ್ತಾರೆ. ಆ ದಿನ ಸಿಕ್ಕರೆ ಒಂದು ಕೆಲಸ ಮಾಡಿ. ಆಟದಲ್ಲಿ ತೀರಾ ಸಣ್ಣ ಹುಡುಗ ಯಾರು ನೋಡಿ, ಅವನ ಮೇಲೆ ಮಾತ್ರ ಕಣ್ಣಿಡಿ. ಅರ್ಧ ತಾಸಿನಲ್ಲಿ ಚೆಂಡು ಅವನ ಕಾಲಿಗೆ ಎಷ್ಟು ಸಲ ಬಂತು ಎಂದು ಬೆರಳಲ್ಲಿ ಎಣಿಸಿ. ಒಂದೇ ಕೈಯ ಬೆರಳು ಸಾಕಾಗುತ್ತವೆ.

ಅವನು ಓಡುವುದೇನೋ ಎಲ್ಲರಷ್ಟೇ ಓಡುತ್ತಾನೆ. ಚೆಂಡು ಎಲ್ಲಿದೆಯೋ ಅಲ್ಲಿ ಇಪ್ಪತ್ತು ಮಂದಿ, ಜೇನುಹುಳ ಎದ್ದ ಹಾಗೆ. ಒಳಗೆ ಇಬ್ಬರು ಗಟ್ಟಿ ಹುಡುಗರು ಕಾಲು ಕಾಲು ಬಡಿದಾಡುತ್ತಾರೆ, ಧೂಳು ಏಳುತ್ತದೆ, ಯಾರೋ ಒಬ್ಬ ಜಾಡಿಸಿ ಒದೆಯುತ್ತಾನೆ, ಇಡೀ ಗುಂಪು ಅತ್ತ ಓಡುತ್ತದೆ. ಹೊರಗಿನಿಂದ ನಿಂತ ದೊಡ್ಡವರು ಕೂಗುವುದು ಒಂದೇ ಮಾತು: "ಹೊಡಿ ಲೇ, ಜೋರ ಹೊಡಿ!"

ಈ "ಜೋರ ಹೊಡಿ" ಅನ್ನುವುದರ ಬಗ್ಗೆಯೇ ನಮ್ಮ ತಕರಾರು. ನಮ್ಮ ಊರುಗಳಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸುವುದೇ ಆದರೆ ಮೊದಲ ಒಂದು ವರ್ಷ ಚೆಂಡನ್ನು ಜೊತೆಗಾರನ ಕಾಲಿಗೆ ಕೊಡುವುದು, ಅವನು ಕೊಟ್ಟದ್ದನ್ನು ಹಿಡಿದು ನಿಲ್ಲಿಸುವುದು, ಈ ಎರಡನ್ನು ಬಿಟ್ಟು ಬೇರೇನೂ ಕಲಿಸಬಾರದು ಎಂಬುದು ನಮ್ಮ ವಾದ. ಟೂರ್ನಮೆಂಟು, ಟೀ ಶರ್ಟು, ಟ್ರೋಫಿ ಎಲ್ಲ ಆಮೇಲೆ.

ಇಷ್ಟು ಸಣ್ಣ ವಿಷಯಕ್ಕೆ ಒಂದು ಲೇಖನ ಬೇಕೇ ಎಂದು ಕೆಲವರು ಕೇಳಬಹುದು. ಬೇಕು. ಯಾಕೆಂದರೆ ಚೆಂಡು ಸಿಗದ ಹುಡುಗ ಎರಡು ವಾರ ಬರುತ್ತಾನೆ, ಮೂರನೇ ವಾರ ಬರುವುದಿಲ್ಲ. ಹುಡುಗಿ ಆದರೆ ಎರಡನೇ ದಿನವೇ ಬರುವುದಿಲ್ಲ. ಕೊನೆಗೆ ಬಯಲಿನಲ್ಲಿ ಉಳಿಯುವುದು ಮೊದಲೇ ಗಟ್ಟಿ ಇದ್ದ ಎಂಟು ಹತ್ತು ಹುಡುಗರು. ಆಟ ಯಾರಿಗೆ ಬೇಕಿತ್ತೋ ಅವರು ಮನೆಯಲ್ಲಿ ಮೊಬೈಲ್ ಹಿಡಿದು ಕೂತಿರುತ್ತಾರೆ. ನಾವು ಅದನ್ನು "ಈಗಿನ ಹುಡುಗರಿಗೆ ಆಟ ಬ್ಯಾಡಾಗೇದ" ಎಂದು ಬಯ್ಯುತ್ತೇವೆ.

ಇನ್ನೊಂದು ಕಾರಣವೂ ಇದೆ. 2022ರ ಅಕ್ಟೋಬರ್‌ನಲ್ಲಿ, ಹುಡುಗಿಯರ 17 ವರ್ಷದೊಳಗಿನ ವಿಶ್ವಕಪ್ ನಮ್ಮ ದೇಶದಲ್ಲಿ ಮುಗಿಯುವ ಹೊತ್ತಿಗೆ, ಫಿಫಾ ಮತ್ತು ಭಾರತ ಸರ್ಕಾರದ ಶಿಕ್ಷಣ ಇಲಾಖೆ ಒಂದು ಒಪ್ಪಂದ ಮಾಡಿಕೊಂಡವು. 'ಫುಟ್‌ಬಾಲ್ ಫಾರ್ ಸ್ಕೂಲ್ಸ್' ಎಂಬ ಆ ಯೋಜನೆಯಲ್ಲಿ ದೇಶದ ಶಾಲೆಗಳಿಗೆ ಸುಮಾರು 11 ಲಕ್ಷ ಚೆಂಡು ಹಂಚುವ ಮಾತಾಯಿತು. ನವೋದಯ, ಕೇಂದ್ರೀಯ ವಿದ್ಯಾಲಯಗಳ ಮೂಲಕ ಜಿಲ್ಲೆ ಜಿಲ್ಲೆಗೆ ಚೆಂಡು ಹೋಗುವ ವ್ಯವಸ್ಥೆ ಆಯಿತು. ಒಳ್ಳೆಯದೇ. ಆದರೆ ಚೆಂಡು ಬಂದರೆ ಆಟ ಬಂದಂತೆ ಆಗುವುದಿಲ್ಲ. ದೈಹಿಕ ಶಿಕ್ಷಣದ ಮಾಸ್ತರರೇ ಇಲ್ಲದ ಶಾಲೆಗಳು ನಮ್ಮ ಭಾಗದಲ್ಲಿ ಎಷ್ಟಿವೆ ಎಂಬುದು ಓದುಗರಿಗೆ ನಾವು ಹೇಳಬೇಕಿಲ್ಲ. ಅಂಥ ಕಡೆ ಹೊಸ ಚೆಂಡಿಗೆ ಆಗುವುದು ಎರಡೇ ಗತಿ. ಒಂದು, ಕಪಾಟಿನಲ್ಲಿ ಗಾಳಿ ಇಳಿದು ಕೂಡುವುದು. ಇನ್ನೊಂದು, ಮೊದಲ ವಾರವೇ ಜಾಲಿ ಮುಳ್ಳಿಗೆ ಬೀಳುವುದು.

ಮಾಸ್ತರ ಇಲ್ಲದ ಊರಿನಲ್ಲಿ ಯಾರು ಕಲಿಸಬೇಕು? ನಾವೇ. ಪಿಯುಸಿ ಮುಗಿಸಿ ಕೂತ ಹುಡುಗ, ಅಂಗನವಾಡಿ ಕಾರ್ಯಕರ್ತೆಯ ತಮ್ಮ, ಸೊಲ್ಲಾಪುರಕ್ಕೆ ಕೆಲಸಕ್ಕೆ ಹೋಗಿ ಬರುವವನು ಭಾನುವಾರ. ಪಾಸು ಕಲಿಸಲು ದೊಡ್ಡ ಆಟಗಾರ ಆಗಿರಬೇಕಿಲ್ಲ. ತಾಳ್ಮೆ ಇದ್ದರೆ, ಏನನ್ನು ನೋಡಬೇಕು ಎಂಬುದು ಗೊತ್ತಿದ್ದರೆ ಆಯಿತು.

ಈ ಮಾತು ನಾವು ಎಲ್ಲಿಂದಲೋ ತಂದದ್ದಲ್ಲ. ಭಾರತದ ಫುಟ್‌ಬಾಲ್ ಕಂಡ ಅತಿ ದೊಡ್ಡ ಗುರು ನಮ್ಮದೇ ಹಳೆಯ ರಾಜ್ಯದವರು. 1956ರ ನವೆಂಬರ್ 1ರವರೆಗೆ ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಮೂಲತಃ ಒಬ್ಬ ಶಾಲಾ ಮಾಸ್ತರ. 'ಮೈದಾನ್' ಎಂಬ ಹಿಂದಿ ಸಿನಿಮಾ 2024ರಲ್ಲಿ ಬಂತಲ್ಲ, ಅಜಯ್ ದೇವಗನ್ ಮಾಡಿದ ಪಾತ್ರ ಅವರದೇ. ಸಿನಿಮಾ ನೋಡಿದವರಿಗೆ 1962ರ ಜಕಾರ್ತಾ ನೆನಪಿರುತ್ತದೆ: ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ. ಅದಕ್ಕೂ ಮೊದಲು 1951ರಲ್ಲಿ ದೆಹಲಿಯಲ್ಲಿ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. ನಡುವೆ 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10-1ರ ಸೋಲು. ಆ ಸೋಲಿನ ತಂಡಕ್ಕೂ ರಹೀಂ ಅವರೇ ಗುರು. ಹತ್ತು ಗೋಲು ತಿಂದ ದೇಶವನ್ನು ನಾಲ್ಕು ವರ್ಷದಲ್ಲಿ ನಾಲ್ಕನೇ ಸ್ಥಾನಕ್ಕೆ ತಂದ ಮನುಷ್ಯ.

ಸಿನಿಮಾದಲ್ಲಿ ಗೋಲು ಹೆಚ್ಚು ಕಾಣುತ್ತವೆ. ನಮಗೆ ಬೇಕಾದದ್ದು ಅವರು ಹೈದರಾಬಾದಿನ ಹುಡುಗರಿಗೆ ಕಲಿಸಿದ ರೀತಿ. ಅವರು ಡ್ರಿಬಲ್ ಮಾಡಲು ಬಿಡದ ಪಂದ್ಯಗಳನ್ನು ನಡೆಸಿದರು. ಚೆಂಡು ಬಂತೇ, ಕೊಡು. ಇಟ್ಟುಕೊಂಡು ಓಡುವ ಹಾಗಿಲ್ಲ. ಹಾಗೆಯೇ ಬರದ ಕಾಲಿನಲ್ಲಿ ಮಾತ್ರ ಆಡಬೇಕಾದ ಪಂದ್ಯಗಳು. ಬಲಗಾಲಿನವನು ಎಡಗಾಲಲ್ಲಿ, ಎಡಗಾಲಿನವನು ಬಲಗಾಲಲ್ಲಿ. ಇವತ್ತು ಯುರೋಪಿನ ಅಕಾಡೆಮಿಗಳಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮಾಡಿಸುವ ಅಭ್ಯಾಸದ ತಿರುಳೂ ಇಷ್ಟೇ. ರಹೀಂ ಸಾಹೇಬರು 1963ರ ಜೂನ್‌ನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಈ ಎರಡು ಪಂದ್ಯ ನಮ್ಮ ಯಾವ ಊರಿನಲ್ಲಿ ಬೇಕಾದರೂ ಇವತ್ತೇ ಶುರು ಮಾಡಬಹುದು, ಒಂದು ಪೈಸೆ ಖರ್ಚಿಲ್ಲ.

ಗಟ್ಟಿ ಹುಡುಗರ ಮುಂದೆ ತೆಳ್ಳಗಿನ ಹುಡುಗರು ಏನು ಮಾಡಬೇಕು ಎಂಬ ಪ್ರಶ್ನೆಯಿಂದಲೇ ಪಾಸಿನ ಆಟ ಬೆಳೆಯಿತು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವೆ ಎರಡು ದೇಶಗಳ ಮೊದಲ ಅಧಿಕೃತ ಪಂದ್ಯ ನಡೆಯಿತು. ಇಂಗ್ಲೆಂಡಿನವರು ಮೈಯಲ್ಲಿ ಭಾರ, ಆಗಿನ ರೂಢಿಯಂತೆ ಒಬ್ಬೊಬ್ಬರೇ ಚೆಂಡು ಕಟ್ಟಿಕೊಂಡು ನುಗ್ಗುವವರು. ಸ್ಕಾಟ್ಲೆಂಡಿನವರು ಹಗುರ. ನುಗ್ಗಿದರೆ ಮುರಿದುಬೀಳುತ್ತೇವೆ ಎಂದು ಗೊತ್ತಿದ್ದ ಅವರು ಒಬ್ಬರಿಗೊಬ್ಬರು ಚೆಂಡು ದಾಟಿಸುತ್ತ ಆಡಿದರು. ಪಂದ್ಯ 0-0. ಗೆಲ್ಲಲಿಲ್ಲ, ಆದರೆ ಸೋಲಲೂ ಇಲ್ಲ. ಮುಂದಿನ ವರ್ಷಗಳಲ್ಲಿ ಆ ಪಾಸಿನ ಆಟವೇ ಎಲ್ಲರ ಆಟವಾಯಿತು. ನಮ್ಮ ಮಧ್ಯಾಹ್ನದ ಬಿಸಿಯೂಟದ ಮಕ್ಕಳು ಆ ಸ್ಕಾಟ್ಲೆಂಡಿನವರ ಪಾಳಿಯವರು. ಮೈಬಲದಲ್ಲಿ ಗೆಲ್ಲುವ ಆಟ ಕಲಿಸಿ ಅವರನ್ನು ತಾಲ್ಲೂಕಿಗೆ, ಜಿಲ್ಲೆಗೆ ಕಳಿಸಿದರೆ ಅಲ್ಲಿ ಇವರಿಗಿಂತ ಗಟ್ಟಿ ಇದ್ದವರು ಕಾದಿರುತ್ತಾರೆ.

ಇನ್ನು ಕಲಿಸುವುದು ಹೇಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಮೊಬೈಲಿನಲ್ಲಿ ಓದಿಕೊಂಡು ಬಯಲಿಗೆ ಹೋಗುವವರಿಗೆ ಅನುಕೂಲ ಆಗಲಿ.

ಪಾಸು ಕೊಡುವುದು ಬೆರಳ ತುದಿಯಿಂದ ಅಲ್ಲ. ನಮ್ಮ ಮಕ್ಕಳು ಎಲ್ಲ ಬೆರಳ ತುದಿಯಿಂದಲೇ ಒದೆಯುತ್ತಾರೆ, ಅದಕ್ಕೆ ಚೆಂಡು ಎತ್ತಲೋ ಹೋಗುತ್ತದೆ, ಹೆಬ್ಬೆರಳ ಉಗುರೂ ಹೋಗುತ್ತದೆ. ಕಾಲಿನ ಒಳಮಗ್ಗುಲು, ಹೆಬ್ಬೆರಳ ಬುಡದಿಂದ ಹಿಮ್ಮಡಿಯ ನಡುವಿನ ಅಗಲ ಜಾಗ ಇದೆಯಲ್ಲ, ಅದೇ ಪಾಸಿನ ಜಾಗ. ಇನ್ನೊಂದು ಕಾಲು, ಅಂದರೆ ನಿಂತ ಕಾಲು, ಚೆಂಡಿನ ಪಕ್ಕಕ್ಕೆ ಒಂದು ಗೇಣು ದೂರದಲ್ಲಿ ಇರಬೇಕು. ಆ ಕಾಲಿನ ಬೆರಳು ಯಾವ ಕಡೆ ತೋರಿಸುತ್ತದೋ ಚೆಂಡು ಆ ಕಡೆ ಹೋಗುತ್ತದೆ. ಮಕ್ಕಳಿಗೆ ಇದೊಂದು ಹೇಳಿದರೆ ಅರ್ಧ ಕೆಲಸ ಮುಗಿಯಿತು: "ನಿಂತ ಕಾಲಿನ ಬೆರಳು ಗೆಳೆಯನ ಕಡಿ ಇರ್ಲಿ." ಒದೆಯುವ ಕಾಲಿನ ಕೀಲು ಬಿಗಿ. ಕೀಲು ಸಡಿಲ ಬಿಟ್ಟರೆ ಹಳೆಯ ಬಾಗಿಲ ಹಾಗೆ ಅಲ್ಲಾಡುತ್ತದೆ, ಚೆಂಡು ಸತ್ತಂತೆ ಉರುಳುತ್ತದೆ. ಚೆಂಡಿನ ನಡುವಿಗೆ ಹೊಡೆದರೆ ನೆಲ ಬಿಡದೆ ಹೋಗುತ್ತದೆ, ಕೆಳಗೆ ಹೊಡೆದರೆ ಏಳುತ್ತದೆ.

ಎಷ್ಟು ಜೋರು? ಇದಕ್ಕೆ ಅಳತೆ ಗೆಳೆಯನ ಕಾಲು. ಅವನಿಗೆ ತಲುಪಬೇಕು, ಆದರೆ ಅವನ ಕಾಲಿಗೆ ಬಡಿದು ಹಾರಬಾರದು. ತೀರಾ ಮೆಲ್ಲಗೆ ಕೊಟ್ಟರೆ ನಡುವೆ ಇನ್ನೊಬ್ಬ ಬಂದು ಕಸಿಯುತ್ತಾನೆ. ಮಕ್ಕಳಿಗೆ ಪಾಸು ತಪ್ಪಿದಾಗ ಹಿಡಿಯುವವನನ್ನು ಬಯ್ಯುವ ಚಟ. ಪಾಸು ತಪ್ಪಿದರೆ ಮೊದಲ ಪ್ರಶ್ನೆ ಕೊಟ್ಟವನಿಗೆ ಹೋಗಬೇಕು ಎಂಬ ನಿಯಮ ಮಾಡಿ. ನೋಡುತ್ತ ನೋಡುತ್ತ ಬಯಲಿನ ಜಗಳ ಕಡಿಮೆ ಆಗುತ್ತದೆ.

ಹಿಡಿಯುವುದು ಇದಕ್ಕಿಂತ ಕಷ್ಟ, ಅದನ್ನೇ ಯಾರೂ ಕಲಿಸುವುದಿಲ್ಲ. ಬರುವ ಚೆಂಡಿಗೆ ಕಾಲನ್ನು ಗೋಡೆ ಹಾಗೆ ಇಟ್ಟರೆ ಅದು ಪುಟಿದು ಹೋಗುತ್ತದೆ. ಹೊಲದಲ್ಲಿ ಮೇಲಿನಿಂದ ಎಸೆದ ಜೋಳದ ಸೂಡನ್ನು ಹಿಡಿಯುವವನು ಏನು ಮಾಡುತ್ತಾನೆ? ಕೈ ಸ್ವಲ್ಪ ಹಿಂದೆ ತರುತ್ತ ಹಿಡಿಯುತ್ತಾನೆ, ಇಲ್ಲದಿದ್ದರೆ ಎದೆಗೆ ಬಡಿಯುತ್ತದೆ. ಕಾಲಿನದೂ ಅದೇ. ಚೆಂಡು ಮುಟ್ಟುವ ಕ್ಷಣಕ್ಕೆ ಕಾಲು ತುಸು ಹಿಂದೆ ಸರಿಯಬೇಕು. ಚೆಂಡು ಕಾಲ ಕೆಳಗೆ ಸಿಕ್ಕಿಕೊಳ್ಳಲೂಬಾರದು. ಮುಂದಿನ ಹೆಜ್ಜೆಗೆ ಬೇಕಾದಷ್ಟು, ಒಂದು ಮೊಳ ಮುಂದೆ ಉಳಿಯಬೇಕು.

ಇಲ್ಲಿ ನಮ್ಮ ನೆಲದ ಮಾತು ಬರುತ್ತದೆ. ಟಿವಿಯಲ್ಲಿ ಕಾಣುವ ಹುಲ್ಲು ನಮ್ಮಲ್ಲಿ ಇಲ್ಲ. ನಮ್ಮದು ಎರೆ ಮಣ್ಣು. ಮಳೆ ಬಂದರೆ ಕಾಲಿಗೆ ಅಂಟಿ ಚಪ್ಪಲಿ ಎರಡು ಸೇರು ತೂಗುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುತ್ತದೆ. ಶಾಲೆಯ ಅಂಗಳಕ್ಕೆ ಮುರುಮ ಹಾಕಿದ್ದರೆ ಚೆಂಡು ಇನ್ನೂ ಪುಟಿಯುತ್ತದೆ. ಇಂಥ ನೆಲದಲ್ಲಿ ಮೂರು ಉಪಾಯ ಕೆಲಸ ಮಾಡುತ್ತವೆ. ಚೆಂಡಿನ ಗಾಳಿ ತುಸು ಇಳಿಸಿ, ಹೆಬ್ಬೆರಳಿಂದ ಒತ್ತಿದರೆ ಸ್ವಲ್ಪ ಒಳಗೆ ಹೋಗುವಷ್ಟು. ಪುಟಿತ ಕಡಿಮೆ ಆಗುತ್ತದೆ. ಪುಟಿಯುತ್ತ ಬರುವ ಚೆಂಡನ್ನು ನೆಲ ಮುಟ್ಟುವ ಜಾಗದಲ್ಲೇ ಅಂಗಾಲು ಓರೆ ಮಾಡಿ, ಹಿಮ್ಮಡಿ ಕೆಳಗೆ ಬೆರಳು ಮೇಲೆ, ಬೆಣೆ ಹೊಡೆದ ಹಾಗೆ ಹಿಡಿಯಲು ಕಲಿಸಿ. ಮತ್ತೆ ಚೆಂಡಿನ ಅಳತೆ. ದೊಡ್ಡವರ ಚೆಂಡು 5ನೇ ನಂಬರಿನದು, ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಹತ್ತು ವರ್ಷದ ಮಗುವಿಗೆ ಅದು ಭಾರ. ಹನ್ನೆರಡರ ಒಳಗಿನವರಿಗೆ 4ನೇ ನಂಬರು, ಇನ್ನೂ ಸಣ್ಣವರಿಗೆ 3ನೇ ನಂಬರು. ಅಂಗಡಿಯವರು ಕೇಳದೆಯೇ 5 ಕೊಡುತ್ತಾರೆ, ನೀವು ಕೇಳಿ ತನ್ನಿ.

ಗೋಡೆ ಇದ್ದರೆ ಅರ್ಧ ಮಾಸ್ತರ ಇದ್ದಂತೆ. ಶಾಲೆಯ ಕಾಂಪೌಂಡ್ ಗೋಡೆಗೆ ಸುಣ್ಣದಲ್ಲಿ ಎರಡಡಿ ಅಗಲದ ಚೌಕ ಬರೆಯಿರಿ, ನೆಲಕ್ಕೆ ಹತ್ತಿರ. ಐದು ಹೆಜ್ಜೆ ದೂರದಿಂದ ಚೌಕಕ್ಕೆ ಪಾಸು, ವಾಪಸು ಬಂದದ್ದನ್ನು ಹಿಡಿ, ಮತ್ತೆ ಪಾಸು. ಬಲಗಾಲಲ್ಲಿ ಐವತ್ತು, ಎಡಗಾಲಲ್ಲಿ ಐವತ್ತು. ಗೋಡೆ ಸುಳ್ಳು ಹೇಳುವುದಿಲ್ಲ. ನೀವು ವಾರೆ ಕೊಟ್ಟರೆ ಅದೂ ವಾರೆ ಕೊಡುತ್ತದೆ.

ಲೆಕ್ಕ ಹಾಕಿ ನೋಡಿದರೆ ಇದರ ಲಾಭ ತಿಳಿಯುತ್ತದೆ. ಇಪ್ಪತ್ತು ಮಕ್ಕಳು, ಮೂರು ಚೆಂಡು. ಆರೇಳು ಮಂದಿಯ ಮೂರು ಗುಂಪು ಮಾಡಿ ಸುತ್ತ ನಿಲ್ಲಿಸಿ. ನಾಲ್ಕು ಸೆಕೆಂಡಿಗೆ ಒಂದು ಪಾಸು ಎಂದರೆ ಹತ್ತು ನಿಮಿಷಕ್ಕೆ ಒಂದು ಗುಂಪಿನಲ್ಲಿ 150 ಪಾಸು. ಒಬ್ಬೊಬ್ಬ ಮಗು ಇಪ್ಪತ್ತಕ್ಕೂ ಹೆಚ್ಚು ಸಲ ಕೊಟ್ಟಿರುತ್ತದೆ, ಅಷ್ಟೇ ಸಲ ಹಿಡಿದಿರುತ್ತದೆ. ಇಬ್ಬರಿಗೆ ಒಂದು ಚೆಂಡು ಸಿಕ್ಕರಂತೂ ಅದೇ ಹತ್ತು ನಿಮಿಷದಲ್ಲಿ ಒಬ್ಬರಿಗೆ 75. ಮೊದಲು ಹೇಳಿದ ಆ ಸಣ್ಣ ಹುಡುಗನಿಗೆ ಅರ್ಧ ತಾಸಿನಲ್ಲಿ ಒಂದು ಕೈಯ ಬೆರಳಷ್ಟು ಸಿಕ್ಕಿತ್ತು.

ಸುತ್ತ ನಿಂತು ಕೊಡುವುದು ಬಂದ ಮೇಲೆ ಒಬ್ಬನನ್ನು ನಡುವೆ ಹಾಕಿ. ಅವನು ಕಳ್ಳ. ನಾಲ್ವರು ಹೊರಗೆ, ಕಳ್ಳ ಒಬ್ಬ ಒಳಗೆ, ಚೆಂಡು ಅವನಿಗೆ ಸಿಗಬಾರದು. ಸಿಕ್ಕರೆ ಕಳೆದವನು ಒಳಗೆ. ಸ್ಪೇನಿನವರು ಇದನ್ನೇ ರೊಂಡೊ ಎನ್ನುತ್ತಾರೆ; ಬಾರ್ಸಿಲೋನಾ ತಂಡದ ಹುಡುಗರು ಬೆಳೆದದ್ದೇ ಇದರಲ್ಲಿ. ಇದು ಬಂದರೆ ಪಾಸು ಯಾವಾಗ ಕೊಡಬೇಕು, ಯಾರಿಗೆ ಕೊಡಬೇಕು ಎಂಬುದು ಹೇಳದೆಯೇ ಬರುತ್ತದೆ. ಕೊಟ್ಟ ಮೇಲೆ ಕಂಬದ ಹಾಗೆ ನಿಲ್ಲಬಾರದು, ಮತ್ತೆ ಸಿಗುವ ಜಾಗಕ್ಕೆ ಸರಿಯಬೇಕು ಎಂಬುದೂ.

ಇನ್ನೊಂದು ಅಭ್ಯಾಸ ಕಾಲಿನದಲ್ಲ, ಕುತ್ತಿಗೆಯದು. ಚೆಂಡು ಬರುವ ಮೊದಲೇ ಹಿಂದೆ ತಿರುಗಿ ನೋಡುವುದು. ಸ್ಪೇನಿನ ಷಾವಿ ಎಂಬ ಆಟಗಾರ ಇದಕ್ಕೇ ಹೆಸರಾದವನು. ಕುಳ್ಳ, ವೇಗವೂ ಅಂಥದ್ದೇನಿಲ್ಲ. ಆದರೆ ಚೆಂಡು ಬರುವ ಮೊದಲೇ ಅತ್ತ ಇತ್ತ ನೋಡಿ ಇಟ್ಟುಕೊಂಡಿರುತ್ತಿದ್ದ, ಚೆಂಡು ಬಂದಾಗ ಯೋಚಿಸುವ ಕೆಲಸ ಇರುತ್ತಿರಲಿಲ್ಲ. ನಮ್ಮ ಮಕ್ಕಳಿಗೆ ಇದನ್ನು ಕಲಿಸುವ ಸುಲಭ ದಾರಿ: ಪಾಸು ಹೊರಟ ಕೂಡಲೇ ಹಿಡಿಯುವವನ ಹಿಂದೆ ನಿಂತು ನೀವು ಬೆರಳು ಎತ್ತಿ. ಅವನು ತಿರುಗಿ ನೋಡಿ ಎಷ್ಟು ಬೆರಳು ಎಂದು ಕೂಗಿ ಆಮೇಲೆ ಚೆಂಡು ಹಿಡಿಯಬೇಕು. ಮಕ್ಕಳು ಇದರಲ್ಲಿ ಎಷ್ಟು ನಗುತ್ತಾರೆ ನೋಡಿ.

ಕೂಗುವ ಮಾತು ನಮ್ಮದೇ ಇರಲಿ ಎಂಬುದು ನಮ್ಮ ಹಟ. ಅಕಾಡೆಮಿಗಳಲ್ಲಿ 'ಮ್ಯಾನ್ ಆನ್', 'ಟರ್ನ್' ಎಂದು ಕಲಿಸುತ್ತಾರೆ. ಗಡಿಯ ಊರಿನ ಮಗುವಿಗೆ ಓಡುತ್ತಿರುವಾಗ ಅದರ ಅರ್ಥ ನೆನಪು ಮಾಡಿಕೊಳ್ಳುವಷ್ಟರಲ್ಲಿ ಚೆಂಡು ಹೋಗಿರುತ್ತದೆ. "ಹಿಂದ ಬಂದ!" ಅಂದರೆ ಹಿಂದೆ ಎದುರಾಳಿ ಇದ್ದಾನೆ. "ತಿರಗು!" ಅಂದರೆ ಜಾಗ ಇದೆ. "ವಾಪಸ್!" ಅಂದರೆ ಬಂದ ಕಡೆಗೇ ಕೊಡು. ಮೂರು ಮಾತು ಸಾಕು. ಹಿರೋಳ್ಳಿ ದಾಟಿದರೆ ಅಕ್ಕಲಕೋಟ ಕಡೆಯ ಊರುಗಳು; ಬಯಲಿನಲ್ಲಿ ಕನ್ನಡ, ಮರಾಠಿ, ದಖನಿ ಮೂರೂ ಮಾತಾಡುವ ಮಕ್ಕಳು ಇರುತ್ತಾರೆ. ಯಾವ ಮಾತು ಎಂಬುದನ್ನು ಅವರೇ ಆರಿಸಿಕೊಳ್ಳಲಿ, ಎಲ್ಲರೂ ಅದನ್ನೇ ಕೂಗಲಿ.

ನಮ್ಮ ಕಡೆ ಇದು ಹೊಸ ವಿಚಾರ ಏನಲ್ಲ. ಜಾತ್ರೆಯ ಕುಸ್ತಿ ನೋಡಿದವರು ನಾವು. ಗರಡಿಗೆ ಹೊಸದಾಗಿ ಬಂದ ಹುಡುಗನನ್ನು ಉಸ್ತಾದ ಮೊದಲ ದಿನವೇ ಕಣಕ್ಕೆ ಬಿಡುತ್ತಾನೆಯೇ? ತಿಂಗಳುಗಟ್ಟಲೆ ಸಾಮು, ಬಸ್ಕಿ, ಮಣ್ಣು ಅಗೆಯುವುದು. ಆಮೇಲೆ ಒಂದೇ ಪಟ್ಟನ್ನು ನೂರು ಸಲ, ಇನ್ನೂರು ಸಲ. ಮಹಾರಾಷ್ಟ್ರದ ಕೊಲ್ಲಾಪುರದಲ್ಲಿ ಫುಟ್‌ಬಾಲ್ ತಂಡಗಳೇ ತಾಲೀಮುಗಳ ಹೆಸರಿನಲ್ಲಿ ಇವೆ, ಕುಸ್ತಿ ಆಡುವ ಓಣಿಯೇ ಫುಟ್‌ಬಾಲೂ ಆಡುತ್ತದೆ. ಅಲ್ಲಿನ ಪಂದ್ಯಕ್ಕೆ ಶಾಹು ಮೈದಾನ ತುಂಬುತ್ತದೆ. ಕುಸ್ತಿಯಲ್ಲಿ ಒಪ್ಪುವ ಶಿಸ್ತನ್ನು ಫುಟ್‌ಬಾಲಿಗೆ ಬಂದರೆ ನಾವು ಯಾಕೆ ಮರೆಯುತ್ತೇವೋ ಗೊತ್ತಿಲ್ಲ. ಚೆಂಡು ಕೊಟ್ಟು "ಆಡ್ರಿ" ಅಂದುಬಿಡುತ್ತೇವೆ.

ಈ ವಾದಕ್ಕೆ ಒಂದು ಗಟ್ಟಿ ಎದುರು ಮಾತಿದೆ. ಆಟ ಬಲ್ಲ ಹಿರಿಯರೇ ಹೇಳುತ್ತಾರೆ: "ಎಲ್ಲರಿಗೂ ಪಾಸು ಪಾಸು ಅಂತ ಕಟ್ಟಿ ಹಾಕಿದ್ರ, ಒಬ್ಬ ಹುಡುಗಗ ದೇವ್ರು ಕೊಟ್ಟ ಕಾಲು ಇದ್ರ ಅದು ಸಾಯ್ತದ." ಇದರಲ್ಲಿ ಸತ್ಯ ಇದೆ. ಬೆಂಗಳೂರಿನ ಅಹ್ಮದ್ ಖಾನ್ ಅವರನ್ನೇ ತೆಗೆದುಕೊಳ್ಳಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಆಡಿದ ಭಾರತ ತಂಡದಲ್ಲಿ ಇದ್ದವರು, ಕೋಲ್ಕತ್ತದ ಈಸ್ಟ್ ಬೆಂಗಾಲ್‌ನಲ್ಲಿ ಹೆಸರು ಮಾಡಿದವರು. ಚೆಂಡನ್ನು ಹಾವಾಡಿಗನ ಹಾಗೆ ಆಡಿಸುತ್ತಾರೆ ಎಂಬ ಮಾತು ಅವರ ಬಗ್ಗೆ ಇತ್ತು. ಹೆಲ್ಸಿಂಕಿಯ ಆ 10-1ರಲ್ಲಿ ನಮ್ಮ ಒಂದು ಗೋಲು ಅವರದು. ಅಂಥ ಕಾಲನ್ನು ಯಾವ ಗುರುವೂ ಕಟ್ಟಿಹಾಕಬಾರದು.

ಆದರೆ ನಾವು ಕೇಳುವುದು ಇಷ್ಟೇ: ಇಪ್ಪತ್ತರಲ್ಲಿ ಅಂಥವನು ಎಷ್ಟು ಜನ? ಸಿಕ್ಕರೆ ಒಬ್ಬ. ಆ ಒಬ್ಬನ ಸಲುವಾಗಿ ಹತ್ತೊಂಬತ್ತು ಮಂದಿ ಬಯಲಿನ ಅಂಚಿನಲ್ಲಿ ಓಡಾಡಿಕೊಂಡು ಇರಬೇಕೇ? ಮೇಲಾಗಿ ಆ ಒಬ್ಬನಿಗೂ ಚೆಂಡು ಸರಿಯಾಗಿ ತಲುಪಿಸುವವರು ಬೇಕಲ್ಲ. ರಹೀಂ ಸಾಹೇಬರೂ ಡ್ರಿಬಲ್ ಬಿಡಿಸಿದ್ದು ಅಭ್ಯಾಸದ ಪಂದ್ಯಗಳಲ್ಲಿ. ದೇಶದ ತಂಡಕ್ಕೆ ಆಡುವಾಗ ಚುನಿ ಗೋಸ್ವಾಮಿಯಂಥ ಚೆಂಡು ಆಡಿಸುವ ಜಾಣನನ್ನು ನಾಯಕ ಮಾಡಿಯೇ ಜಕಾರ್ತಾ ಗೆದ್ದರು. ಸಂಜೆಯ ಒಂದು ತಾಸಿನಲ್ಲಿ ಮುಕ್ಕಾಲು ತಾಸು ಪಾಸು, ಕೊನೆಯ ಕಾಲು ತಾಸು ಮನಸ್ಸಿಗೆ ಬಂದ ಆಟ. ಕಾಲು ಇದ್ದವನ ಕಾಲು ಅಷ್ಟರಲ್ಲಿ ಕಾಣದೆ ಇರುವುದಿಲ್ಲ.

ನಮಗೆ ನಿಜವಾದ ಅಡ್ಡಿ ಎಂದು ಕಾಣುವುದು ಟೂರ್ನಮೆಂಟಿನ ಹುಚ್ಚು. ಹಬ್ಬಕ್ಕೊಂದು, ಜಯಂತಿಗೊಂದು, ಯಾರದೋ ಹುಟ್ಟುಹಬ್ಬಕ್ಕೊಂದು ಕಪ್. ಬ್ಯಾನರಿನಲ್ಲಿ ಹತ್ತು ಮುಖ, ಮೈಕು, ಹಾರ, ಆಳೆತ್ತರದ ಟ್ರೋಫಿ. ಪಂದ್ಯ ನಾಲ್ಕು ದಿನ ಇದೆ ಅನ್ನುವಾಗ ತಂಡ ಕೂಡುತ್ತದೆ, ಗಟ್ಟಿ ಹನ್ನೊಂದು ಜನ ಬೇಕು ಎಂದು ಬೇರೆ ಊರಿನವರನ್ನೂ ಕರೆತರುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಸುದ್ದಿ ಆಗುವುದೂ ಉದ್ಘಾಟಿಸಿದವರ ಹೆಸರೇ; ಆ ಸುದ್ದಿ ಕಳಿಸುವವರು ನಮ್ಮಂಥವರೇ ಆದ್ದರಿಂದ ಇದನ್ನು ಗೊತ್ತಿದ್ದೇ ಹೇಳುತ್ತಿದ್ದೇವೆ. ಆ ಟ್ರೋಫಿಯ ದುಡ್ಡಿನಲ್ಲಿ 4ನೇ ನಂಬರಿನ ಎಷ್ಟು ಚೆಂಡು ಬರುತ್ತವೆ ಎಂದು ದೇಣಿಗೆ ಕೇಳಲು ಬಂದ ಹುಡುಗರನ್ನು ಒಮ್ಮೆ ಕೇಳಿ. ಕಪ್ ನಡೆಸಲೇಬೇಕು ಅನ್ನುವವರಿಗೆ ಒಂದು ಸಲಹೆ: ನಾಲ್ವರಿಗೆ ನಾಲ್ವರು, ಸಣ್ಣ ಮೈದಾನ, ಐದು ಪಾಸು ಆದ ಮೇಲೆಯೇ ಗೋಲು ಲೆಕ್ಕಕ್ಕೆ. ನೋಡುವವರಿಗೂ ಮಜಾ ಬರುತ್ತದೆ.

ಹುಡುಗಿಯರ ವಿಷಯ ಬೇರೆಯಾಗಿಯೇ ಹೇಳಬೇಕು. ನಮ್ಮ ಊರುಗಳಲ್ಲಿ ಹುಡುಗಿಯರು ಖೋಖೋದಲ್ಲಿ, ಥ್ರೋಬಾಲಿನಲ್ಲಿ ತಾಲ್ಲೂಕು ಮಟ್ಟ ದಾಟುತ್ತಾರೆ, ಓಟದಲ್ಲಿ ಯಾರಿಗೂ ಕಡಿಮೆ ಇಲ್ಲ. ಫುಟ್‌ಬಾಲ್ ಅಂದಾಗ ಅವರ ಮನೆಯವರು ಬೇಡ ಅನ್ನುವುದು ಆ ಬಡಿದಾಟ ನೋಡಿಯೇ. ಪಾಸಿನ ಅಭ್ಯಾಸದಲ್ಲಿ ಮೈಗೆ ಮೈ ತಾಗುವುದಿಲ್ಲ, ಬೀಳುವುದಿಲ್ಲ, ಶಾಲೆಯ ಸಮವಸ್ತ್ರದ ಚೂಡಿದಾರದಲ್ಲೇ ಆಡಬಹುದು. ಶಾಲೆಯ ಅಂಗಳದಲ್ಲಿ, ಗೋಡೆಯ ಹತ್ತಿರ, ಶಾಲೆ ಬಿಟ್ಟ ಕೂಡಲೇ. ಎಂಟನೇ ತರಗತಿಗೆ ಬಂದ ಮೇಲೆ ಶುರು ಮಾಡಿದರೆ ಆಗ ಮನೆಯಲ್ಲಿ ನೂರು ಪ್ರಶ್ನೆ. ನಾಲ್ಕನೇ ತರಗತಿಯಲ್ಲಿ ಶುರು ಮಾಡಿದರೆ ಎಂಟಕ್ಕೆ ಬರುವಷ್ಟರಲ್ಲಿ ಅದು ಮನೆಯವರಿಗೂ ರೂಢಿ ಆಗಿರುತ್ತದೆ.

ಕಬ್ಬು ಕಡಿಯಲು, ಮುಂಬೈ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗುವ ಮನೆಗಳ ಮಕ್ಕಳೂ ಇದ್ದಾರೆ. ವರ್ಷದಲ್ಲಿ ಕೆಲವು ತಿಂಗಳು ಇರುತ್ತಾರೆ, ಕೆಲವು ತಿಂಗಳು ಇರುವುದಿಲ್ಲ. ತಂಡ ಕಟ್ಟಿ ಆಡುವ ಪದ್ಧತಿಯಲ್ಲಿ ಅವರಿಗೆ ಜಾಗವೇ ಸಿಗುವುದಿಲ್ಲ. ಗೋಡೆಗೆ ಪಾಸು ಹೊಡೆಯುವ ಅಭ್ಯಾಸವನ್ನು ಅವರು ಎಲ್ಲಿ ಹೋದರೂ ಒಯ್ಯುತ್ತಾರೆ. ಅಪ್ಪ ಅವ್ವ ಕಟ್ಟುತ್ತಿರುವ ಕಟ್ಟಡದಲ್ಲಿ ಗೋಡೆಗೇನು ಬರ?

2023ರ ಮಾರ್ಚ್ 4ರಂದು ಕರ್ನಾಟಕ ತಂಡ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1968-69ರ ನಂತರ ಅದೇ ಮೊದಲು, 54 ವರ್ಷದ ಮೇಲೆ. ಸುದ್ದಿ ಓದಿ ನಾವೂ ಖುಷಿಪಟ್ಟೆವು. ರಾಜ್ಯದ ಫುಟ್‌ಬಾಲ್ ಅಂದರೆ ಈಗಲೂ ಹೆಚ್ಚಾಗಿ ಬೆಂಗಳೂರೇ. ಅಲ್ಲಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿದ್ದಾರೆ, ಓಣಿಯ ಇಕ್ಕಟ್ಟಿನಲ್ಲಿ ಆಡಿ ಬೆಳೆದ ಆಟಗಾರರು ಆ ಬಡಾವಣೆಯವರು. ಅವರಿಗೂ ಹುಲ್ಲಿನ ಮೈದಾನ ಇರಲಿಲ್ಲ. ಇಕ್ಕಟ್ಟು ಇದ್ದದ್ದರಿಂದ ಚೆಂಡು ಬೇಗ ಹಿಡಿದು ಬೇಗ ಕೊಡುವುದು ಬಂತು. ನಮಗೆ ಇಕ್ಕಟ್ಟು ಇಲ್ಲ, ಬಯಲು ಬೇಕಾದಷ್ಟಿದೆ. ಅದಕ್ಕೇ ಎತ್ತ ಬೇಕಾದರೂ ಒದೆಯುತ್ತೇವೆ. ನಾಲ್ಕು ಇಟ್ಟಿಗೆ ಇಟ್ಟು ಹತ್ತು ಹೆಜ್ಜೆ ಉದ್ದ ಅಗಲದ ಚೌಕ ಮಾಡಿ ಅದರೊಳಗೇ ಆಡಿಸಿ, ಗೌತಮಪುರ ನಮ್ಮ ಊರಿಗೂ ಬರುತ್ತದೆ.

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಆಯ್ಕೆಗೆ ಅಂತ ನಮ್ಮ ಹುಡುಗರು ಬಸ್ಸು ಹತ್ತಿ ಹೋಗುತ್ತಾರೆ. ಆಟ ಬಲ್ಲ ಆಯ್ಕೆಗಾರ ಯಾರೇ ಇರಲಿ, ಮೊದಲು ನೋಡುವುದು ಚೆಂಡು ಬಂದಾಗ ಹುಡುಗನ ಮೊದಲ ಸ್ಪರ್ಶ ಹೇಗಿದೆ ಎಂಬುದನ್ನು. ಅಲ್ಲಿ ಐದು ನಿಮಿಷ ಸಿಗುತ್ತದೆ, ಒಂದೋ ಎರಡೋ ಚೆಂಡು ಬರುತ್ತವೆ. ಊರಿನಲ್ಲಿ ಒಂದು ವರ್ಷ ಚೆಂಡೇ ಮುಟ್ಟದ ಹುಡುಗ ಅಲ್ಲಿ ಏನು ತೋರಿಸಬೇಕು?

ಈಗ ಆಗಬೇಕಾದ್ದು. ತೊಗರಿ ರಾಶಿ ಮುಗಿದ ಮೇಲೆ ಬಿಸಿಲು ಏರುವ ತನಕ ಸಂಜೆ ಹೊತ್ತು ಆಟಕ್ಕೆ ಒಳ್ಳೆಯ ಕಾಲ, ನೆಲವೂ ಒಣಗಿರುತ್ತದೆ. ಅಷ್ಟರೊಳಗೆ ಗ್ರಾಮಸಭೆಯಲ್ಲಿ ಎರಡು ಮಾತು ಬರೆಸಿ. ಒಂದು, ಶಾಲೆಯ ಆಟದ ಅಂಗಳ ಸಮ ಮಾಡುವುದು, ಕಾಂಪೌಂಡ್ ಇಲ್ಲದ ಕಡೆ ಗೋಡೆ. ನರೇಗಾದಲ್ಲಿ ಶಾಲಾ ಮೈದಾನ, ಕಾಂಪೌಂಡ್ ಕಟ್ಟಿದ ಪಂಚಾಯಿತಿಗಳು ರಾಜ್ಯದಲ್ಲಿ ಇವೆ. ಎರಡು, ಊರಿನ ಶಾಲೆಗೆ ಸರ್ಕಾರದಿಂದ ಚೆಂಡು ಬಂದಿದ್ದರೆ ಅವು ಎಲ್ಲಿವೆ ಎಂಬ ಪ್ರಶ್ನೆ. ಜಗಳ ಬೇಡ, ಕೇಳಿದರೆ ಸಾಕು.

ಎಸ್‌ಡಿಎಂಸಿ ಸಭೆಯಲ್ಲಿ ಕೇಳಬೇಕಾದ್ದು ಇನ್ನೂ ಸಣ್ಣದು. ಶಾಲೆ ಬಿಟ್ಟ ಮೇಲೆ ಒಂದು ತಾಸು ಗೇಟು ತೆರೆದಿರಬೇಕು, ಗೋಡೆಯ ಮೇಲೆ ಸುಣ್ಣದ ಚೌಕ ಬರೆಯಲು ಒಪ್ಪಿಗೆ ಬೇಕು, ಗೇಟಿನ ಕೀಲಿ ಮತ್ತು ಚೆಂಡಿನ ಲೆಕ್ಕ ಯಾರ ಜವಾಬ್ದಾರಿ ಎಂದು ಒಬ್ಬರ ಹೆಸರು ಬರೆದುಕೊಳ್ಳಬೇಕು. ಆ ಹೆಸರು ನಿಮ್ಮದೇ ಆದರೂ ಆದೀತು.